ಲೇಬಲ್ ಇಲ್ಲದ ‘ಪಾಚಿ ಔಷಧ’ವನ್ನು ಫಿಶ್ ಟ್ಯಾಂಕಿಗೆ ಹಾಕಬೇಡಿ

ಮನೆಯಲ್ಲಿ ಚಿಕ್ಕ ಫಿಶ್ ಟ್ಯಾಂಕ್ ಇಟ್ಟವರು ದಯವಿಟ್ಟು ಓದಿ. ಪಾಚಿ ಹೋಗುತ್ತೆ ಅಂತ ಅಕ್ವೇರಿಯಂ ಅಂಗಡಿಯಲ್ಲಿ ಲೇಬಲ್ ಇಲ್ಲದ ಬಾಟಲಿ ಕೊಟ್ಟರೆ ತಗೊಳ್ಳಬೇಡಿ. ನಮ್ಮ ಟ್ಯಾಂಕಿನ ಸೀಗಡಿ, ಬಸವನಹುಳು ಒಂದೂ ಉಳಿಯಲಿಲ್ಲ. ಗಪ್ಪಿ ಮೀನುಗಳಲ್ಲೂ ಅರ್ಧಕ್ಕರ್ಧ ಸತ್ತವು.

ನಮ್ಮದು 25 ಲೀಟರಿನ ಟ್ಯಾಂಕ್. ಬೇಸಿಗೆಯಲ್ಲಿ ಗಾಜಿಗೆ, ಗಿಡಗಳ ಎಲೆಗೆ ಪಾಚಿ ದಪ್ಪಗೆ ಹಿಡಿದಿತ್ತು. ಅಂಗಡಿಯವರು ಒಂದು ನೀಲಿ ದ್ರಾವಣ ಕೊಟ್ಟು, “ಒಂದು ಮುಚ್ಚಳ ಹಾಕಿ ಸಾರ್, ಏನೂ ಆಗಲ್ಲ” ಅಂದರು. ಒಳಗೆ ಸೀಗಡಿ ಇದೆ ಅಂತ ಹೇಳಿದ ಮೇಲೂ ಅದೇ ಮಾತು.

ಸಂಜೆ ಹಾಕಿದೆವು. ರಾತ್ರಿ ಮಲಗೋ ಹೊತ್ತಿಗೆ ಸೀಗಡಿಗಳು ದಿಕ್ಕು ತಪ್ಪಿದವರ ಹಾಗೆ ಟ್ಯಾಂಕಿನ ತುಂಬ ಓಡಾಡುತ್ತಿದ್ದವು. ಬಸವನಹುಳುಗಳು ಗಾಜು ಬಿಟ್ಟು ಕೆಳಗೆ ಬಿದ್ದು ಚಿಪ್ಪಿನೊಳಗೆ ಸೇರಿಕೊಂಡಿದ್ದವು. ಬೆಳಗ್ಗೆ ನೋಡಿದರೆ ನೀರು ಮಬ್ಬಾಗಿ ಕೊಳೆತ ವಾಸನೆ. ಬದುಕಿದ್ದ ಗಪ್ಪಿಗಳು ನೀರಿನ ಮೇಲ್ಗಡೆ ಬಂದು ಬಾಯಿ ಬಿಡುತ್ತಾ ಉಸಿರಿಗೆ ಒದ್ದಾಡುತ್ತಿದ್ದವು.

ಅಂಗಡಿಗೆ ಹೋಗಿ ಪಟ್ಟು ಹಿಡಿದು ಕೇಳಿದಾಗ ಅದು ಮೈಲುತುತ್ತದ ನೀರು ಅಂತ ಬಾಯಿ ಬಿಟ್ಟರು! ಅಡಿಕೆಗೆ ಕೊಳೆ ರೋಗ ಬಾರದಿರಲಿ ಅಂತ ಸುಣ್ಣದ ಜೊತೆ ಬೆರೆಸಿ ಬೋರ್ಡೋ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ. ಅದರಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುತ್ತೆ ನಿಜ. ಆದರೆ ಸೀಗಡಿ, ಬಸವನಹುಳುಗಳಿಗೆ ಚೂರೇ ಚೂರು ತಾಮ್ರವೂ ವಿಷ. ನಮ್ಮ ಮಲೆನಾಡಿನ ಬಾವಿ ನೀರು ಬೇರೆ ಮೆದು, ಅಂದರೆ ಸುಣ್ಣದಂಶ ಕಡಿಮೆ. ಗಡಸು ನೀರಿಗಿಂತ ಮೆದು ನೀರಿನಲ್ಲಿ ತಾಮ್ರದ ವಿಷ ಜಾಸ್ತಿ ಏರುತ್ತೆ. ಸಾಲದ್ದಕ್ಕೆ, ಒಟ್ಟಿಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತೆ, ಅಮೋನಿಯಾ ಏರುತ್ತೆ. ಚಿಕ್ಕ ಟ್ಯಾಂಕಿನಲ್ಲಿ ಇದಕ್ಕೆಲ್ಲ ಒಂದು ರಾತ್ರಿ ಸಾಕು.

ಯಾರಾದರೂ ಈಗಾಗಲೇ ಹಾಕಿದ್ದರೆ ಕಾಯಬೇಡಿ. ಅರ್ಧದಷ್ಟು ನೀರು ಬದಲಾಯಿಸಿ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿಯೇ ತುಂಬಿಸಿ. ಏರ್ ಪಂಪ್ ನಿಲ್ಲಿಸದೆ ಓಡಿಸಿ. ಸತ್ತದ್ದನ್ನೆಲ್ಲ ಎತ್ತಿ ಹಾಕಿ, ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಫಿಲ್ಟರಿಗೆಂದೇ ಸಿಗುವ ಇದ್ದಿಲು, ಒಲೆಯ ಇದ್ದಿಲಲ್ಲ) ಇಡಿ. ಜಲ್ಲಿಯಲ್ಲೂ ತಾಮ್ರ ಉಳಿದಿರಬಹುದು. ಹಳೇ ಜಲ್ಲಿಗೆ ಸೀಗಡಿ ಬಿಡಬೇಡಿ.

ಪಾಚಿಗೆ ಬೇಕಿರುವುದು ಬೆಳಕು ಮತ್ತು ಉಳಿದ ಆಹಾರ ಕೊಳೆತು ಸಿಗುವ ಗೊಬ್ಬರ. ಟ್ಯಾಂಕನ್ನು ಕಿಟಕಿ ಬಿಸಿಲಿನಿಂದ ದೂರ ಇಡಿ, ಲೈಟು ದಿನಕ್ಕೆ 6–7 ಗಂಟೆ ಸಾಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಗಾಜನ್ನು ಕೈಯಿಂದಲೇ ಉಜ್ಜಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಈಗ ನಮ್ಮಲ್ಲಿ ಇಷ್ಟೇ ನಡೆಯುತ್ತಿರುವುದು. ಪಾಚಿ ಪೂರ್ತಿ ಹೋಗಿಲ್ಲ, ಗಾಜಿಗೆ ತೆಳುವಾಗಿ ಕೂರುತ್ತೆ. ಅಷ್ಟಿದ್ದರೆ ಮೀನಿಗೇನೂ ತೊಂದರೆ ಇಲ್ಲ.

ಇನ್ನೊಂದು ಮಾತು. ಅದೇ ಅಂಗಡಿಯಲ್ಲಿ ಆಮೇಲೆ, “ಹಾಗಾದ್ರೆ ಸಕ್ಕರ್ ಮೀನು ತಗೊಳ್ಳಿ, ಪಾಚಿ ತಿನ್ನುತ್ತೆ” ಅಂದರು. ಬೆರಳುದ್ದದ ಆ ಮರಿ ಒಂದಡಿಗಿಂತ ಉದ್ದ ಬೆಳೆಯುತ್ತೆ, ಗಲೀಜೂ ಜಾಸ್ತಿ ಮಾಡುತ್ತೆ. ಚಿಕ್ಕ ಟ್ಯಾಂಕಿನಲ್ಲಿ ಅದನ್ನು ಸಾಕೋಕೆ ಆಗಲ್ಲ. ಆಗಲೇ ಸಾಕಿರುವವರು ಅದನ್ನು ಕೆರೆಗೆ ಮಾತ್ರ ಬಿಡಬೇಡಿ. ಹೊರದೇಶದ ಮೀನು ಅದು, ಇಲ್ಲಿನ ಕೆರೆಗಳಲ್ಲಿ ಈಗಾಗಲೇ ಕಾಟ ಕೊಡುತ್ತಿದೆ. ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ.