ಐಬ್ರೋ ಥ್ರೆಡಿಂಗ್ ‘ಲೈವ್ ಕ್ಲಾಸ್’ಗೆ ದುಡ್ಡು ಹಾಕಬೇಡಿ, ನಾನು ಹಾಕಿ ಅನುಭವಿಸಿದ್ದೀನಿ

‘ಏಳೇ ದಿನದಲ್ಲಿ ನಿಮ್ಮ ಐಬ್ರೋ ನೀವೇ ಮಾಡ್ಕೊಳ್ಳಿ, ಲೈವ್ ಕ್ಲಾಸ್, ಕಿಟ್ ಫ್ರೀ’ ಅಂತ ಮೊಬೈಲಲ್ಲಿ ಜಾಹೀರಾತು ಬಂದ್ರೆ ದಯವಿಟ್ಟು ಮುಟ್ಟಬೇಡಿ. ನಾನು 499 ಕಟ್ಟಿದೆ. ಆಮೇಲೆ ಕೊರಿಯರ್‌ಗೆ ಅಂತ ಇನ್ನೂ 250. ಫ್ರೀ ಅಂದಿದ್ರಲ್ಲ ಅಂತ ಕೇಳಿದ್ರೆ, ‘ಕಿಟ್ ಫ್ರೀ ಡಿಯರ್, ಕೊರಿಯರ್ ಫ್ರೀ ಅಂದಿಲ್ಲ’. ಅಲ್ಲೇ ಬಿಡಬೇಕಿತ್ತು. ಮಗುಗೆ ಎಂಟು ತಿಂಗಳು, ಪಾರ್ಲರ್‌ನಲ್ಲಿ ಕೂತು ಕಾಯೋಕಾಗಲ್ಲ, ಮನೇಲೇ ಕಲಿಯೋಣ ಅನ್ನೋ ಆಸೆ.

ಕಿಟ್ ಅಂದ್ರೆ ಒಂದು ದಾರದ ಉಂಡೆ, ಒಂದು ಚಿಕ್ಕ ಕತ್ತರಿ, ಅಷ್ಟೇ.

ಕ್ಲಾಸ್ ರಾತ್ರಿ ಎಂಟಕ್ಕೆ. ದಾರ ಗಂಟು ಹಾಕಿ, ಏಳು ಸುತ್ತು ತಿರುಚಿ, ಒಂದು ಕೈ ಬೆರಳು ಅಗಲಿಸಿದ್ರೆ ತಿರುಚಿದ ಭಾಗ ಇನ್ನೊಂದು ಕೈ ಕಡೆ ಓಡುತ್ತೆ, ಇಷ್ಟು ಹೇಳಿಕೊಟ್ರು. ಆದ್ರೆ ಮಾಡಿ ತೋರಿಸಿದ್ದು ಬೇರೆ ಹುಡುಗಿಗೆ! ಆ ಹುಡುಗಿ ತನ್ನ ಎರಡೂ ಕೈಯಲ್ಲಿ ರೆಪ್ಪೆ ಕೆಳಗೆ, ಹಣೆ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದಿದ್ದಳು. ನನ್ನ ಎರಡೂ ಕೈಯಲ್ಲಿ ದಾರ ಇದ್ರೆ ನನ್ನ ಚರ್ಮ ಯಾರು ಹಿಡೀತಾರೆ? ಚಾಟ್‌ನಲ್ಲಿ ಇದನ್ನೇ ಮೂರು ಸಲ ಹಾಕಿದೆ. ಹೇಳಿಕೊಡೋ ಆಯಮ್ಮ ನಗ್ತಾ ‘ಸೂಪರ್, ಎಲ್ರೂ ಚೆನ್ನಾಗಿ ಪ್ರಶ್ನೆ ಕೇಳ್ತಿದ್ದೀರ’ ಅಂದ್ರು. ಆಗ ಫ್ಯಾನ್ ಗಾಳಿಗೆ ಅವರ ಹಿಂದಿನ ಪರದೆ ಸರೀತು. ಕಿಟಕಿ ತುಂಬ ಬಿಸಿಲು. ನಮ್ಮನೇಲಿ ರಾತ್ರಿ ಎಂಟೂಕಾಲು! ಮೈಯೆಲ್ಲ ಬಿಸಿಯಾಯ್ತು ನನಗೆ. ಮೂರು ದಿನದಿಂದ ರೆಕಾರ್ಡಿಂಗ್ ಎದುರು ಕೂತು ‘ಹೂಂ ಮೇಡಂ, ಹೂಂ ಮೇಡಂ’ ಅಂತಿದ್ದೆ.

ಅಷ್ಟರಲ್ಲಿ ಹಿಂದಿನ ರಾತ್ರಿ ‘ಹೋಂವರ್ಕ್’ ಅಂತ ಮಾಡ್ಕೊಂಡು ಎಡ ಹುಬ್ಬಿನ ತುದಿ ಹೋಗಿತ್ತು. ಸಡಿಲ ಚರ್ಮ ದಾರಕ್ಕೆ ಸಿಕ್ಕಿ ರೆಪ್ಪೆ ಮೇಲೆ ಗೀರು, ರಕ್ತ. ಫೋಟೋ ಕಳಿಸಿದೆ. ಬಂದ ಉತ್ತರ: ‘ನಿಮ್ಮ ಕೈ ಇನ್ನೂ ಸೆಟ್ ಆಗಿಲ್ಲ ಡಿಯರ್.’ ದುಡ್ಡು ವಾಪಸ್ ಕೊಡಿ ಅಂದೆ. ‘ಅಡ್ವಾನ್ಸ್ ಕೋರ್ಸ್ 1,299, ನಿಮಗೆ ಮಾತ್ರ 999.’ ಲೈವ್ ಅಂದ್ರಲ್ಲ, ಬಿಸಿಲು ಹೇಗೆ ಬಂತು ಅಂತ ಗ್ರೂಪಲ್ಲಿ ಕೇಳಿದೆ. ಗ್ರೂಪಿಂದಲೇ ತೆಗೆದರು. ಒಂದು ಮಾತಿಲ್ಲ.

ನಾದಿನಿ ಸೀಮಂತಕ್ಕೆ ಆ ಮುಖ ಹೊತ್ಕೊಂಡೇ ಹೋದೆ. ಎಲ್ರೂ ಹುಬ್ಬನ್ನೇ ನೋಡಿದ್ರು. ಯಾರಿಗೂ ನಿಜ ಹೇಳಲಿಲ್ಲ.

ನಮ್ಮ ಬೀದಿ ಪಾರ್ಲರ್ ಅಕ್ಕನಿಗೆ ದಾರ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿ, ‘ಇದು ಹತ್ತಿ ದಾರ ಅಲ್ಲಮ್ಮ, ಬಟ್ಟೆ ಹೊಲಿಯೋ ಪಾಲಿಯೆಸ್ಟರ್. ಜಾರುತ್ತೆ, ಕೂದಲು ಹಿಡಿಯಲ್ಲ, ಚರ್ಮ ಕುಯ್ಯುತ್ತೆ’ ಅಂದ್ರು. ಅವರೇ ಹೇಳಿದ್ದು: ಮೊದಲು ಕಾಲಿನ ಕೂದಲ ಮೇಲೆ ಕೈ ಪಳಗಿಸ್ಕೋ, ಹುಬ್ಬಿನ ಮೇಲ್ಗಡೆ ಮುಟ್ಟಬೇಡ, ಮೊಡವೆ, ಸುಕ್ಕಿಗೆ ಹಚ್ಚೋ ರೆಟಿನಾಲ್ ಕ್ರೀಮ್ ಹಚ್ತಿದ್ರೆ ದಾರವನ್ನೇ ಮುಟ್ಟಬೇಡ. ಐವತ್ತು ರೂಪಾಯಿ ತಗೊಳ್ಳೋ ಅಕ್ಕ ಬಿಟ್ಟಿಯಾಗಿ ಹೇಳಿದ ಇಷ್ಟು ಮಾತು, 749 ಕಿತ್ಕೊಂಡ ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ದುಡ್ಡು ಕಟ್ಟಿರೋರು ಯುಪಿಐ ಸ್ಕ್ರೀನ್‌ಶಾಟ್, ಚಾಟ್ ಅಳಿಸಬೇಡಿ. ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಗೆ ಒಂಬತ್ತು ದಿನ ಸುಮ್ಮನಿದ್ದು ಮಾಡಿದೆ. ಆ ಜಾಹೀರಾತು ನಿನ್ನೆ ರಾತ್ರಿಯೂ ಬಂತು, ‘ಇನ್ನು 12 ಸೀಟ್ ಮಾತ್ರ’. ನಾನು ಸೇರಿದ ದಿನವೂ 12 ಸೀಟೇ ಇತ್ತು.