‘ಒಂದೇ ಡಬ್ಬಿ, ಎಲ್ಲಾ ಚಾನೆಲ್’: ಐದು ತಿಂಗಳು ಬಳಸಿದ ಮೇಲೆ

ಅಮ್ಮ ಡಲ್ಲಾಸ್‌ಗೆ ಬಂದು ವಾರವಾಗಿತ್ತು. ಊರಲ್ಲಿ ಸಂಜೆ ಏಳೂವರೆಗೆ ಬರುವ ಸೀರಿಯಲ್ ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ. ತಿಂಡಿ ತಿನ್ನುತ್ತಾ ಖಾಲಿ ಟಿವಿ ನೋಡುತ್ತಿದ್ದಳು. ಪರಿಚಯದವರೊಬ್ಬರು ಒಂದು ವಾಟ್ಸಾಪ್ ನಂಬರ್ ಕೊಟ್ಟರು. ಟಿವಿಗೆ ಹಚ್ಚಿದರೆ ಇಂಟರ್‌ನೆಟ್ ಮೂಲಕ ಚಾನೆಲ್ ತೋರಿಸುವ ಡಬ್ಬಿ, ಒಂದು ವರ್ಷದ ಪ್ಯಾಕ್ ಸೇರಿ 220 ಡಾಲರ್. ಅಂಗಡಿ ಇಲ್ಲ, ಬಿಲ್ ಇಲ್ಲ. ದುಡ್ಡು ಕಳಿಸುವಾಗ ನೋಟ್‌ನಲ್ಲಿ ಡಬ್ಬಿಯ ಹೆಸರು ಹಾಕಬೇಡಿ, ‘ಬಿರಿಯಾನಿ’ ಅಂತ ಬರೀರಿ ಎಂದರು ಆ ನಂಬರಿನವರು. ಅಲ್ಲೇ ಎದ್ದು ಬರಬೇಕಿತ್ತು. ಬರೆದೆ.

ಕೈಯಲ್ಲಿ ಹಿಡಿದರೆ ಸೋಪಿನ ಡಬ್ಬಿಯಷ್ಟು ಹಗುರ. ಮೇಲೆ ಕಂಪನಿ ಹೆಸರೇ ಇಲ್ಲ. ಸೆಟಪ್ ಮಾಡುವಾಗ ಗೂಗಲ್ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆಪ್‌ಗಳನ್ನು ಹಿಡಿಯುವ ಕಾವಲು) ಆಫ್ ಮಾಡಿ ಅಂತ ಕೇಳಿತು. ಅದನ್ನೂ ಮಾಡಿದೆ. ಹತ್ತು ನಿಮಿಷದಲ್ಲಿ ಕನ್ನಡ ಚಾನೆಲ್‌ಗಳೆಲ್ಲಾ ಬಂದವು. ಅಮ್ಮನ ಮುಖ ನೋಡಿ 220 ಡಾಲರ್ ವಸೂಲಾಯಿತು ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಚಿತ್ರದ ಗುಣಮಟ್ಟ? ಬೆಳಿಗ್ಗೆ ಚೆನ್ನಾಗಿತ್ತು. ಕ್ರಿಕೆಟ್ ಇದ್ದ ದಿನ ಮಾತ್ರ ಸೀರಿಯಲ್ ಸೊಸೆ ಅಳಲು ಬಾಯಿ ತೆರೆದಲ್ಲೇ ಅಂಟಿಕೊಂಡು ನಿಲ್ಲುತ್ತಿದ್ದಳು. ‘ಹೊಸ ಸಿನಿಮಾ’ ಅನ್ನೋ ಪಟ್ಟಿ ಇನ್ನೂ ಕೆಟ್ಟದ್ದು. ಥಿಯೇಟರಿನಲ್ಲಿ ಕದ್ದು ತೆಗೆದದ್ದು. ಅರ್ಧದಲ್ಲಿ ಒಂದು ತಲೆ ಎದ್ದು ಪಾಪ್‌ಕಾರ್ನ್ ತರಲು ಹೋಗಿ ವಾಪಸ್ ಬಂತು. ಭಾರತದಲ್ಲಿ ಸಿನಿಮಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಹೀಗೆ ತೆಗೆದವರಿಗೆ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ. ಥಿಯೇಟರಿನ ಡಿಜಿಟಲ್ ಪ್ರತಿಯಲ್ಲಿ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಯಾವ ಪರದೆ, ಯಾವ ಹೊತ್ತು ಅಂತ ಅದರಿಂದ ಹುಡುಕಬಹುದು. ಆದರೂ ಆ ತಲೆ ನಮ್ಮ ಮನೆ ತನಕ ಬಂದಿತ್ತು ನೋಡಿ.

ಮೂರನೇ ತಿಂಗಳಲ್ಲಿ ಇಂಟರ್‌ನೆಟ್ ಮಂಕಾಯಿತು. ರೂಟರ್ ಆಪ್ ತೆರೆದು ಮಗಳು ತೋರಿಸಿದಳು: ಟಿವಿ ಆಫ್ ಇದ್ದ ರಾತ್ರಿ ಡಬ್ಬಿ 4 ಜಿಬಿ ಹೊರಗೆ ಕಳಿಸಿತ್ತು. ನಾವ್ಯಾರೂ ಅದಕ್ಕೆ ಏನೂ ಕೊಟ್ಟಿರಲಿಲ್ಲ. ಇಂಥ ಹೆಸರಿಲ್ಲದ ಡಬ್ಬಿಗಳ ಬಗ್ಗೆ ಎಫ್‌ಬಿಐ 2025ರ ಜೂನ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಹೀಗೆ ಕಳ್ಳರ ಕೈಗೆ ಸಿಕ್ಕ ಡಿವೈಸ್‌ಗಳ ಜಾಲಕ್ಕೆ ಬ್ಯಾಡ್‌ಬಾಕ್ಸ್ 2.0 ಅಂತ ಹೆಸರು. ಕೆಲವು ಡಬ್ಬಿಗಳಲ್ಲಿ ಮಾರುವ ಮೊದಲೇ ಕಳ್ಳ ಸಾಫ್ಟ್‌ವೇರ್ ಕೂತಿರುತ್ತದೆ, ಕೆಲವಕ್ಕೆ ಸೆಟಪ್ ಹೊತ್ತಲ್ಲಿ ಹತ್ತುತ್ತದೆ. ಆಮೇಲೆ ನಮ್ಮ ಮನೆಯ ಇಂಟರ್‌ನೆಟ್ ವಿಳಾಸ ಯಾರದ್ದೋ ಮೋಸಕ್ಕೆ ಬಾಡಿಗೆಗೆ ಹೋಗುತ್ತದೆ. ಎಫ್‌ಬಿಐ ಹೇಳಿದ ಲಕ್ಷಣಗಳಲ್ಲಿ ಒಂದು, ಪ್ಲೇ ಪ್ರೊಟೆಕ್ಟ್ ಆಫ್ ಮಾಡಲು ಕೇಳುವುದು. ಒಂದು ಕೋಟಿಗೂ ಜಾಸ್ತಿ ಡಿವೈಸ್‌ಗಳಿಗೆ ಇದು ಹತ್ತಿದೆ ಅಂತ ಗೂಗಲ್ ಅದೇ ವರ್ಷದ ಜುಲೈನಲ್ಲಿ ಕೋರ್ಟಿಗೂ ಹೋಯಿತು.

ಐದನೇ ತಿಂಗಳು ಒಂದು ಬೆಳಿಗ್ಗೆ ಎಲ್ಲಾ ಚಾನೆಲ್ ಕಪ್ಪು. ನಂಬರ್‌ಗೆ ಮೆಸೇಜ್ ಹಾಕಿದರೆ ಒಂದೇ ಟಿಕ್. ಕಳ್ಳ ಸ್ಟ್ರೀಮಿಂಗ್ ವಿರುದ್ಧದ ಅಮೆರಿಕದ 2020ರ ಕಾನೂನು ಇಂಥದ್ದನ್ನು ನಡೆಸುವವರ ಮೇಲಿದೆ, ನೋಡುವವರ ಮೇಲಲ್ಲ. ಹಾಗಾಗಿ ಪೊಲೀಸರ ಭಯ ನನಗೆ ಇರಲಿಲ್ಲ. ಹಾಗಂತ ಬಿರಿಯಾನಿಗೆ ಕೊಟ್ಟ ದುಡ್ಡು ಯಾರ ಹತ್ತಿರ ಕೇಳಲಿ?

ಈಗ ಜೀ ಕನ್ನಡದ ಸೀರಿಯಲ್‌ಗೆ ಜೀ5, ಉದಯದ್ದಕ್ಕೆ ಸನ್ ನೆಕ್ಸ್ಟ್. ಎರಡು ಆಪ್, ಎರಡು ಪಾಸ್‌ವರ್ಡ್. ಅಮ್ಮನಿಗೆ ಯಾವುದರಲ್ಲಿ ಯಾವುದು ಅಂತ ಚೀಟಿ ಬರೆದು ರಿಮೋಟಿಗೆ ಅಂಟಿಸಿದ್ದೇನೆ. ಇದು ತಲೆನೋವು ಹೌದು. ಕನ್ನಡದ ಚಾನೆಲ್‌ಗಳೆಲ್ಲಾ ನ್ಯಾಯವಾಗಿ ಒಂದೇ ಕಡೆ ಸಿಕ್ಕಿದ್ದರೆ ನಾನಂತೂ ಡಬ್ಬಿ ಹುಡುಕುತ್ತಿರಲಿಲ್ಲ.

ಐದಕ್ಕೆ ಒಂದು ಸ್ಟಾರ್. ಅದೂ ರಿಮೋಟ್ ದೊಡ್ಡ ಅಕ್ಷರದ್ದು ಅಂತ.

ಮೊನ್ನೆ ಹೊಸ ನಂಬರ್‌ನಿಂದ ಮೆಸೇಜ್ ಬಂತು: ರಿನ್ಯೂ ಮಾಡಿದರೆ 20 ಡಾಲರ್ ಕಡಿಮೆ ಸರ್, ಈ ಸಲ ‘ಗ್ರೋಸರಿ’ ಅಂತ ಬರೀರಿ.