ರಂಗನತಿಟ್ಟಿನ ದೋಣಿ: ಕ್ಯಾಮೆರಾ ಹಿಡಿದು ಹೋಗುವವರಿಗೆ

ಹಕ್ಕಿ ಫೋಟೋ ಕಲಿಯೋಕೆ ಎಲ್ಲಿಗೆ ಹೋಗಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ: ರಂಗನತಿಟ್ಟಿಗೆ ಹೋಗಿ, ದೋಣಿ ಹತ್ತಿ. ನಾನು ಮಂಡ್ಯದಲ್ಲಿ ಮದುವೆ ಫೋಟೋ ತೆಗೆಯುವವನು. ಧನುರ್ಮಾಸದಲ್ಲಿ ಮುಹೂರ್ತ ಇರುವುದಿಲ್ಲ, ಆಗ ಬಿಡುವು. ಹಕ್ಕಿಗಳು ಮರಿ ಮಾಡುವ ಮಾರ್ಚ್, ಏಪ್ರಿಲ್‌ನಲ್ಲೂ ಮದುವೆ ಇಲ್ಲದ ವಾರದ ದಿನ ನೋಡಿಕೊಂಡು ಹೋಗುತ್ತೇನೆ. ಭಾನುವಾರ ಮಾತ್ರ ಬೇಡ, ಗಲಾಟೆ ಜಾಸ್ತಿ.

ಶ್ರೀರಂಗಪಟ್ಟಣದ ಪಕ್ಕದಲ್ಲೇ ಕಾವೇರಿಯ ನಡುವೆ ಇರುವ ಪುಟ್ಟ ಪುಟ್ಟ ತಿಟ್ಟುಗಳು ಇವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹೀಗೆ ಕಾಪಾಡಿಕೊಂಡು ಬಂದಿದ್ದರಿಂದಲೇ ಇಲ್ಲಿನ ಹಕ್ಕಿಗಳು ದೋಣಿ ಕಂಡರೆ ಗಾಬರಿಯಾಗುವುದಿಲ್ಲ. ದೂರದ್ದನ್ನು ತುಂಬ ಹತ್ತಿರ ತರುವ 600 ಎಂಎಂ ಲೆನ್ಸ್ ಬೇಕೇ ಬೇಕು ಅಂತೇನಿಲ್ಲ. 70-300 ಎಂಎಂ ಜೂಮ್ ಲೆನ್ಸ್ ಇದ್ದರೂ ಒಳ್ಳೆ ಚಿತ್ರ ಸಿಗುತ್ತದೆ.

ದೋಣಿಗೆ ಮೋಟಾರ್ ಇಲ್ಲ, ಹುಟ್ಟು ಹಾಕುತ್ತಾರೆ. ಸದ್ದಿಲ್ಲ. ಇದಕ್ಕೇ ಅರ್ಧದಷ್ಟು ಅಂಕ ಕೊಡುತ್ತೇನೆ. ಆದರೆ ದೋಣಿ ಅಲುಗುತ್ತಲೇ ಇರುತ್ತದೆ, ಟ್ರೈಪಾಡ್ ಒಯ್ದರೆ ಸುಮ್ನೆ ಭಾರ. ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಹಾರುವ ಹಕ್ಕಿಗೆ 1/2000 ಇರಲಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/5.6 ಅಥವಾ ಎಫ್/8 ಇಟ್ಟು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್ಓವನ್ನು ಆಟೋಗೆ ಬಿಡಿ. ಚಿತ್ರದಲ್ಲಿ ಸ್ವಲ್ಪ ಗ್ರೇನ್ (ಕಾಳುಕಾಳು) ಬಂದರೂ ಪರವಾಗಿಲ್ಲ, ಅಲುಗಿದ ಚಿತ್ರವನ್ನು ಯಾರೂ ಸರಿಮಾಡಿಕೊಡೋಕಾಗಲ್ಲ.

ಎಲ್ಲರನ್ನೂ ಕಾಡುವುದು ಬಿಳಿ ಹಕ್ಕಿ. ಚಮಚದಂಥ ಕೊಕ್ಕಿನ ಸ್ಪೂನ್‌ಬಿಲ್ ಕಡುಹಸಿರು ಎಲೆಗಳ ಮುಂದೆ ಬಿಸಿಲಿಗೆ ನಿಂತಿದೆ ಅಂದುಕೊಳ್ಳಿ. ಫ್ರೇಮಿನ ತುಂಬ ಕತ್ತಲೆಯೇ ಇರುವುದರಿಂದ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ. ಹಕ್ಕಿಯ ಮೈ ಸುಣ್ಣ ಬಳಿದ ಗೋಡೆ ಥರ ಆಗುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ಕ್ಕೆ ತನ್ನಿ, ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡಿ, ಸಾಲದಿದ್ದರೆ ಮೈನಸ್ 1. ಕತ್ತಿನ ಸಣ್ಣ ಗರಿಗಳು, ರೆಕ್ಕೆಯ ಮಡಿಕೆ ಎಲ್ಲ ವಾಪಸ್ ಬರುತ್ತವೆ. ಮದುಮಗನ ಬಿಳಿ ಪಂಚೆಗೂ ನಾನು ಇದನ್ನೇ ಮಾಡುವುದು. ಅದೇ ಹಕ್ಕಿ ಫ್ರೇಮಿನ ತುಂಬ ಬಂದರೆ ಲೆಕ್ಕ ಉಲ್ಟಾ: ಕ್ಯಾಮೆರಾ ಬಿಳಿಯನ್ನು ಬೂದು ಮಾಡುತ್ತದೆ, ಆಗ ಪ್ಲಸ್ ಕಡೆ ಹೋಗಬೇಕು.

ಇನ್ನು ಕಾಂಪೋಸಿಷನ್, ಅಂದರೆ ಫ್ರೇಮಿನಲ್ಲಿ ಏನು ಎಲ್ಲಿರಬೇಕು ಅನ್ನುವುದು. ದೋಣಿಯಲ್ಲಿ ಎದ್ದು ನಿಲ್ಲಲೇಬೇಡಿ. ಅಪಾಯ ಅನ್ನುವುದು ಸರಿಯೇ, ಚಿತ್ರವೂ ಕೆಡುತ್ತದೆ. ಕೂತು ತೆಗೆದರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಕಣ್ಣಿನ ಮಟ್ಟಕ್ಕೆ ಹೆಚ್ಚುಕಡಿಮೆ ಬರುತ್ತೀರಿ. ಹಕ್ಕಿ ನೋಡುತ್ತಿರುವ ಕಡೆ ಜಾಗ ಬಿಡಿ. ಹಿಂದೆ ರೆಂಬೆ ಅಡ್ಡ ಬಂದಿದೆಯಾ? ಒಂದು ಕ್ಷಣ ಕಾಯಿರಿ. ದೋಣಿ ಒಂದಡಿ ಸರಿದರೆ ಸಾಕು, ಹಿನ್ನೆಲೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ದೋಣಿ ನಡೆಸುವವರು ಇಟ್ಟುಕೊಳ್ಳುವ ಅಂತರ. ಏಪ್ರಿಲ್‌ನಲ್ಲಿ ಒಮ್ಮೆ ರಿವರ್ ಟರ್ನ್ ಎಂಬ ನದಿ ಹಕ್ಕಿ ಬರಿ ಬಂಡೆಯ ಮೇಲೆ ಕಾವು ಕೂತಿತ್ತು. ನಮ್ಮ ದೋಣಿಯಲ್ಲಿದ್ದ ಒಬ್ಬರು ದೊಡ್ಡ ಲೆನ್ಸಿನವರು, "ಇನ್ನೂ ಹತ್ರ ಬಿಡಿ, ಕಾಸು ಕೊಡ್ತೀನಿ" ಅಂದರು. ದೋಣಿಯವರು ಹುಟ್ಟು ನಿಲ್ಲಿಸಿ, "ಬೇಡ ಸಾರ್, ಮೊಟ್ಟೆ ಇದೆ. ಅದು ಎದ್ದರೆ ಬಿಸಿಲಿಗೆ ಬೆಂದೋಗ್ತವೆ. ಇಲ್ಲಿಂದಲೇ ತಗೊಳಿ" ಅಂದರು. ಅಷ್ಟೇ. ದೋಣಿ ಒಂದಿಂಚೂ ಮುಂದೆ ಹೋಗಲಿಲ್ಲ. ಆ ದೂರದಿಂದ ತೆಗೆದ ಚಿತ್ರದಲ್ಲಿ ಬಂಡೆಯಿದೆ, ಸುತ್ತ ಹರಿಯುವ ಕಾವೇರಿಯಿದೆ, ನಡುವೆ ಅಷ್ಟು ಚಿಕ್ಕ ಹಕ್ಕಿ. ಬರೀ ಕೊಕ್ಕು, ಕಣ್ಣು ತುಂಬಿದ ಕ್ಲೋಸಪ್‌ನಲ್ಲಿ ಇದೆಲ್ಲ ಎಲ್ಲಿ ಬರಬೇಕು?

ಹಾರುವ ಶಾಟ್ ಬೇಕೆಂದು ಚಪ್ಪಾಳೆ ತಟ್ಟುವವರನ್ನು, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗೂಡು ಬಿಟ್ಟು ಹಾರಿದ ತಾಯಿ ವಾಪಸ್ ಬರುವಷ್ಟರಲ್ಲಿ ಕಾಗೆಯೋ ಹದ್ದೋ ಮರಿಯನ್ನು ಎತ್ತಿಕೊಂಡು ಹೋಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಕರೆಯುತ್ತದೆ. ಕೋವಿ ಹಿಡಿದರೆ ಮಾತ್ರ ಬೇಟೆ ಅಲ್ಲ. ಕಾಯ್ದರೆ ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ತರಲು ತಾವಾಗಿಯೇ ಹಾರುತ್ತವೆ. ಒಂದೇ ಮರಕ್ಕೆ ಮತ್ತೆ ಮತ್ತೆ ಬರುತ್ತವೆ. ದಾರಿ ಗೊತ್ತು ಮಾಡಿಕೊಂಡು ಫೋಕಸ್ ಸಿದ್ಧ ಇಟ್ಟುಕೊಳ್ಳಿ, ಅಷ್ಟೇ ಸಾಕು.

ಎಲ್ಲರೊಡನೆ ಹೋಗುವ ದೋಣಿಯ ಸುತ್ತು ಬೇಗ ಮುಗಿಯುತ್ತದೆ. ಫೋಟೋಗೆಂದೇ ಹೋಗುವವರು ನಾಲ್ಕೈದು ಜನ ಸೇರಿ ಬೇರೆ ದೋಣಿ ಮಾಡಿಕೊಳ್ಳುವುದು ಒಳ್ಳೆಯದು. ದುಡ್ಡು ಜಾಸ್ತಿಯಾದರೂ, "ಅಣ್ಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ" ಅಂತ ಕೇಳಬಹುದು. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ, ಬೆಳಕು ಮೆದುವಾಗಿರುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ಆ ತಿಂಗಳುಗಳಲ್ಲಿ ವಿಚಾರಿಸಿಕೊಂಡೇ ಮನೆ ಬಿಡಿ.